ಒಂದು ತುತ್ತಿನ ಜೊತೆ ಮೂರು ದಿನ

ಮೊದಲ ದಿನ, ಬೆಳಿಗ್ಗೆ

ಮನುಷ್ಯನ ಹೊಟ್ಟೆಯೊಳಗಿನ ಈ ಪ್ರಯಾಣಕ್ಕೆ ಟಿಕೆಟ್, ಬುಕಿಂಗ್ ಅಂತ ಹೇಳಿಕೊಳ್ಳಲು ಏನೂ ಇಲ್ಲ. ಬೆಳಗಿನ ಊಟದ ಒಂದು ಚಮಚದಲ್ಲಿ ಜಾಗ ಸಿಕ್ಕಿತು, ಹತ್ತಿ ಕೂತೆ. ಆಮ್ಲಕ್ಕೂ ಜಗ್ಗದ, ಯಾವ ಕಿಣ್ವಕ್ಕೂ ಬಗ್ಗದ ಅಂಗಿ ತೊಟ್ಟಿದ್ದೆ. ಅದೊಂದು ಇಲ್ಲದಿದ್ದರೆ ಇದನ್ನು ಬರೆಯಲು ನಾನು ಉಳಿಯುತ್ತಿರಲಿಲ್ಲ.

ಚಮಚದಲ್ಲಿ ಇನ್ನೂ ನಾಲ್ಕು ಜನ ಇದ್ದರು. ಬೆಂದ ಧಾನ್ಯದ ಪಿಷ್ಟ, ಸಾವಿರಾರು ಗ್ಲೂಕೋಸ್ ಕೈ ಕೈ ಹಿಡಿದು ನಿಂತ ಉದ್ದನೆಯ ಸರಪಳಿ. ಕಾಳಿನ ಪ್ರೋಟೀನ್, ಬೇಯುವಾಗಲೇ ಅರ್ಧ ಸುರುಳಿ ಬಿಚ್ಚಿಕೊಂಡಿದ್ದ, ಮಾತು ಕಮ್ಮಿ. ಒಂದು ಎಣ್ಣೆ ಹನಿ, ಯಾರ ಜೊತೆಗೂ ಬೆರೆಯದ ಜಂಬಗಾತಿ. ಮತ್ತೆ ಒಂದು ಮೆಕ್ಕೆಜೋಳದ ಕಾಳು. ಅವನ ಮಾತಿಗೆ ಮಾತ್ರ ಬಿಡುವೇ ಇಲ್ಲ.

"ನೋಡಿ ಸ್ವಾಮಿ ನನ್ನ ಕೋಟು" ಎಂದ, ಹಳದಿ ಮೈ ಸವರಿಕೊಳ್ಳುತ್ತಾ. "ಸೆಲ್ಯುಲೋಸ್. ಇದನ್ನು ಕತ್ತರಿಸುವ ಕತ್ತರಿ ಮನುಷ್ಯರ ಹತ್ತಿರ ಇಲ್ಲ. ಹೋಗ್ತೀನಿ, ನೋಡ್ತೀನಿ, ಹಾಗೇ ಹೊರಗೆ ಬರ್ತೀನಿ."

ಬಾಯಿಯ ಬಾಗಿಲು ದಾಟಿದ ಕೂಡಲೇ ಮಳೆ. ಕೆನ್ನೆಯ ಒಳಗಿಂದ, ದವಡೆಯ ಕೆಳಗಿಂದ, ನಾಲಗೆಯ ಅಡಿಯಿಂದ, ಹೀಗೆ ಮೂರು ಜೋಡಿ ಗ್ರಂಥಿಗಳಿಂದ ಜೊಲ್ಲು ಸುರಿಯುತ್ತಿತ್ತು. ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಸುರಿಯುವ ಜಾಗ ಇದು. ಮೇಲೆ ಕೆಳಗೆ ಬಿಳಿ ಬಂಡೆಗಳು ಎದ್ದು ಬೀಳುತ್ತಿದ್ದವು. ನಾಲಗೆ ನಮ್ಮನ್ನು ಎಡಕ್ಕೆ ತಳ್ಳುತ್ತದೆ, ಬಂಡೆ ಬೀಳುತ್ತದೆ. ಬಲಕ್ಕೆ ತಳ್ಳುತ್ತದೆ, ಮತ್ತೆ ಬೀಳುತ್ತದೆ.

ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನೋ ಕಿಣ್ವ ಆಗಲೇ ಪಿಷ್ಟದ ಸರಪಳಿ ಕತ್ತರಿಸಲು ಶುರು ಮಾಡಿತ್ತು. ತುಂಡಾದ ಕಡೆ ಸ್ವಲ್ಪ ಸ್ವಲ್ಪ ಸಿಹಿ. ಅಗಿಯುತ್ತಾ ಹೋದಷ್ಟೂ ಸಿಹಿ ಜಾಸ್ತಿ. ಆದರೆ ನಮ್ಮ ಯಜಮಾನರಿಗೆ, ಅಂದರೆ ಈ ಹೊಟ್ಟೆಯ ಒಡೆಯರಿಗೆ, ಅಷ್ಟು ಪುರುಸೊತ್ತು ಇರಲಿಲ್ಲ. ಏಳೆಂಟು ಸಲ ಅಗಿದು ಮುಗಿಸಿದರು. ನೀವು ಹೋಗುವುದಾದರೆ ನಿಧಾನಕ್ಕೆ ಅಗಿಯುವವರ ಜೊತೆ ಹೋಗಿ. ಇಲ್ಲಿ ಉಳಿಸಿದ ಕೆಲಸ ಮುಂದೆ ಹೊಟ್ಟೆಯ ಮೇಲೆ ಬೀಳುತ್ತದೆ, ಅಲ್ಲಿ ಹಲ್ಲಿಲ್ಲ.

ಜೋಳದ ಕಾಳು ಕೆನ್ನೆಯ ಸಂದಿಗೆ ಜಾರಿ ತಪ್ಪಿಸಿಕೊಂಡ. ಕೊನೆಯ ಗಳಿಗೆಯಲ್ಲಿ ಒಂದು ದವಡೆ ಹಲ್ಲಿನ ಮೂಲೆ ಅವನ ಬೆನ್ನಿಗೆ ತಾಗಿತು. ಸೂಜಿ ಚುಚ್ಚಿದಷ್ಟು ತೂತು. "ಏನಿಲ್ಲ, ಏನಿಲ್ಲ" ಎಂದ.

ನುಂಗುವಾಗ ಒಂದು ಎಡವಟ್ಟಾಯಿತು. ಗಂಟಲಿನಲ್ಲಿ ಎರಡು ದಾರಿ: ಮುಂದೆ ಗಾಳಿಯದು, ಹಿಂದೆ ಅನ್ನದ್ದು. ನಾವು ಬರುವಾಗ ಮೇಲೆ ಮೂಗಿನ ದಾರಿ ಮುಚ್ಚಿಕೊಳ್ಳಬೇಕು, ಧ್ವನಿಪೆಟ್ಟಿಗೆ ಮೇಲೆದ್ದು ಅದರ ಮುಚ್ಚಳ ಬಾಗಬೇಕು, ಅಷ್ಟು ಹೊತ್ತು ಉಸಿರು ನಿಲ್ಲಬೇಕು. ಎಲ್ಲ ಒಂದು ಸೆಕೆಂಡಿನ ಆಟ. ಸರಿಯಾಗಿ ಆಗಲೇ ಯಜಮಾನರು ಯಾವುದಕ್ಕೋ ನಕ್ಕರು. ಮುಚ್ಚಳ ತೆರೆಯಿತು, ನಾನೂ ಒಂದು ಧಾನ್ಯದ ಚೂರೂ ಗಾಳಿಯ ದಾರಿಯ ಅಂಚಿಗೆ ಹೋಗಿ ನಿಂತೆವು. ಮರುಕ್ಷಣವೇ ಕೆಮ್ಮು. ಅಂಥ ಬಿರುಗಾಳಿ ನಾನು ಎಲ್ಲೂ ಕಂಡಿಲ್ಲ. ವಾಪಸ್ ನಾಲಗೆಯ ಮೇಲೆ ಬಿದ್ದಿದ್ದೆವು. ತುತ್ತು ಬಾಯಲ್ಲಿದ್ದಾಗ ಮಾತಾಡಬೇಡಿ ಅಂತ ದೊಡ್ಡವರು ಬೈಯುವುದು ಸುಮ್ನೆ ಅಲ್ಲ.

ಎರಡನೇ ಸಲ ಸರಿಯಾಗಿ ಇಳಿದೆವು. ಅನ್ನನಾಳದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ, ಎಂಟು ಹತ್ತು ಸೆಕೆಂಡಿನ ದಾರಿ. ಬೀಳುತ್ತೇವೆ ಅಂದುಕೊಂಡಿದ್ದೆ, ಹಾಗಲ್ಲ. ಹಿಂದಿನಿಂದ ಗೋಡೆ ಹಿಂಡಿಕೊಳ್ಳುತ್ತಾ ನಮ್ಮನ್ನು ತಳ್ಳಿತು. ಯಜಮಾನರು ತಲೆಕೆಳಗಾಗಿ ನಿಂತಿದ್ದರೂ ನಾವು ಹೊಟ್ಟೆಗೇ ಹೋಗುತ್ತಿದ್ದೆವು.

ಮೊದಲ ದಿನ, ಮಧ್ಯಾಹ್ನದವರೆಗೆ

ಈ ದಾರಿಯಲ್ಲಿ ಹೆಸರು ಮಾಡಿದ ಜಾಗ ಅಂದರೆ ಜಠರ. ಹಸಿವಾದರೂ ಅದರದೇ ಮಾತು, ಅಜೀರ್ಣವಾದರೂ ಅದರದೇ ಮಾತು. ನನಗೂ ಭಾರಿ ನಿರೀಕ್ಷೆ ಇತ್ತು.

ಮೊದಲ ನೋಟಕ್ಕೆ ಬೆರಗಾದೆ ಅನ್ನುವುದು ನಿಜ. ಖಾಲಿ ಇದ್ದಾಗ ಮಡಿಕೆ ಮಡಿಕೆಯಾಗಿ ಮುದುಡಿದ ಚೀಲ, ತುಂಬುತ್ತಾ ಹೋದಂತೆ ಒಂದೂವರೆ ಲೀಟರ್‌ವರೆಗೆ ಅರಳುತ್ತದೆ. ಗೋಡೆಯ ಸಣ್ಣ ಸಣ್ಣ ಗುಳಿಗಳಿಂದ ಹೈಡ್ರೋಕ್ಲೋರಿಕ್ ಆಮ್ಲ ಜಿನುಗುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಇದರ ಪಿಎಚ್ (ಆಮ್ಲದ ಅಳತೆ, ಕಮ್ಮಿಯಾದಷ್ಟೂ ಆಮ್ಲ ಜೋರು) 2ರ ಆಸುಪಾಸು. ಊಟ ಬಿದ್ದಾಗ ಸ್ವಲ್ಪ ಹೊತ್ತು ಅದರ ಖಾರ ಇಳಿಯುತ್ತದೆ, ಆಮೇಲೆ ಮತ್ತೆ ಏರುತ್ತದೆ. ನಿಮಿಷಕ್ಕೆ ಮೂರರಂತೆ ಅಲೆ. ಇಪ್ಪತ್ತು ಸೆಕೆಂಡಿಗೊಮ್ಮೆ ಗೋಡೆ ಹಿಂಡಿಕೊಂಡು ನಮ್ಮನ್ನು ಕೆಳಗಿನ ಬಾಗಿಲವರೆಗೆ ಒಯ್ಯುತ್ತದೆ, ಬಾಗಿಲು ಮುಚ್ಚಿರುತ್ತದೆ, ಅಪ್ಪಳಿಸಿ ಹಿಂದಕ್ಕೆ ಬರುತ್ತೇವೆ. ಮತ್ತೆ ಅದೇ. ಮೊದಲ ಅರ್ಧ ಗಂಟೆ ಮಜವಾಗಿತ್ತು.

ಆಮ್ಲ ಮಾಡುವ ಒಂದು ಜೀವಕೋಶದ ಹತ್ತಿರ ಹೋಗಿ ಮಾತಾಡಿಸಿದೆ. "ಅಕ್ಕಾ, ಇಷ್ಟು ಆಮ್ಲದಲ್ಲಿ ನಿಮಗೇ ಏನೂ ಆಗಲ್ವಾ?"

ಅವಳು ಮೇಲಿದ್ದ ಲೋಳೆಯ ಪದರ ತೋರಿಸಿದಳು. ಕೈ ಇಟ್ಟು ನೋಡಿದೆ. ಗಟ್ಟಿ ಗಂಜಿಯಂಥ ಲೋಳೆ, ಅದರೊಳಗೆ ಆಮ್ಲವನ್ನು ತಣ್ಣಗೆ ಮಾಡುವ ಬೈಕಾರ್ಬೊನೇಟ್. ಮೇಲ್ಗಡೆ ಸುಡುತ್ತಿದ್ದದ್ದು ಕೂದಲೆಳೆಯಷ್ಟು ಕೆಳಗೆ ಹೋದರೆ ಸುಡುತ್ತಿರಲಿಲ್ಲ. "ಆದರೂ ಮೇಲಿನ ಪದರದವರು ಕೆಲವೇ ದಿನ ಇರೋದು. ಸವೀತಾರೆ, ಹೊಸಬರು ಬರ್ತಾರೆ" ಎಂದಳು. ಆ ಲೋಳೆಯಲ್ಲೇ ತಿರುಪಿನಂಥ ಒಂದು ಬ್ಯಾಕ್ಟೀರಿಯ ಮನೆ ಮಾಡಿಕೊಳ್ಳುವುದುಂಟು. ಹೊಟ್ಟೆಹುಣ್ಣಿಗೆ ಚಿಂತೆ, ಖಾರ ಕಾರಣ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್, ಕಾರಣ ಇದೇ ಅಂತ ತೋರಿಸಲು, ಆ ಬ್ಯಾಕ್ಟೀರಿಯವನ್ನು ತಾನೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. ಜೊತೆಗೆ ಕೆಲಸ ಮಾಡಿದ ರಾಬಿನ್ ವಾರೆನ್ ಅವರಿಗೂ ಸೇರಿಸಿ ಅವರಿಗೆ 2005ರಲ್ಲಿ ನೊಬೆಲ್ ಬಂತು.

ಹೊರಡುವಾಗ ಆ ಅಕ್ಕ ನನ್ನ ಕೈಗೆ ಒಂದು ಪುಟ್ಟ ಪ್ರೋಟೀನ್ ಕೊಟ್ಟಳು. "ದಾರಿಯಲ್ಲಿ ವಿಟಮಿನ್ ಬಿ12 ಸಿಕ್ಕಿದರೆ ಇವನ ಜೊತೆ ಮಾಡಿಸಿ. ಸಣ್ಣಕರುಳಿನ ಕೊಟ್ಟಕೊನೆಯಲ್ಲಿ ಒಂದು ಬಾಗಿಲಿದೆ, ಇವನಿದ್ದರೇ ಅಲ್ಲಿ ಒಳಗೆ ಬಿಡೋದು." ಜೋಪಾನವಾಗಿ ಇಟ್ಟುಕೊಂಡೆ.

ಇಲ್ಲಿ ಪಾಪ ಪ್ರೋಟೀನಿನ ಗತಿ ನೋಡಬೇಕಿತ್ತು. ಪೆಪ್ಸಿನ್ ಅನ್ನೋ ಕಿಣ್ವ ಬಂದು ಅವನನ್ನು ಅಲ್ಲಲ್ಲಿ ತುಂಡು ಮಾಡಿತು. ಪಿಷ್ಟ ಮಾತ್ರ ತುತ್ತಿನ ನಡುವೆ ಅಡಗಿ ಜೊಲ್ಲಿನ ಕೆಲಸವನ್ನೇ ಸ್ವಲ್ಪ ಹೊತ್ತು ಮುಂದುವರಿಸಿದ. ಆಮ್ಲ ಅಲ್ಲಿಗೂ ನುಗ್ಗಿದ ಮೇಲೆ ಅದೂ ನಿಂತಿತು. ಎಣ್ಣೆ ಹನಿ ಮೇಲೆ ಹಾಯಾಗಿ ತೇಲುತ್ತಿದ್ದಳು.

ನಡುವೆ ಯಜಮಾನರು ಸೋಫಾದ ಮೇಲೆ ಅಡ್ಡಾದರು. ಅನ್ನನಾಳದ ಬಾಯಿಗೆ ಕಟ್ಟಿದ ಬಿಗಿ ಸಡಿಲವಾಗಿ ನಾವೆಲ್ಲ ಮೇಲಕ್ಕೆ ಜಾರಿದೆವು. ಅಲ್ಲಿ ಲೋಳೆಯ ರಕ್ಷಣೆ ಅಷ್ಟಿಲ್ಲ, ಗೋಡೆ ಕೆಂಪಗಾಗಿ ಉರಿಯತೊಡಗಿತು. ಮೇಲಿನಿಂದ "ಎದೆ ಉರಿ" ಅನ್ನೋ ಗೊಣಗಾಟ ಕೇಳಿಸಿತು. ಉಂಡ ಕೂಡಲೇ ಮಲಗದೆ ಎರಡು ಮೂರು ಗಂಟೆ ಬಿಟ್ಟರೆ ಒಳಗಿನವರಿಗೂ ಒಳ್ಳೆಯದು.

ಒಳಗೆ ಅಪ್ಪಳಿಸಿಕೊಳ್ಳುತ್ತಾ ಇದ್ದಾಗ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ನೆನಪಾದ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅವನ ಹೊಟ್ಟೆಗೆ ಹತ್ತಿರದಿಂದಲೇ ಗುಂಡು ತಗುಲಿತು. ಬದುಕಿದ, ಆದರೆ ಜಠರಕ್ಕೆ ಹೋಗುವ ತೂತು ಮುಚ್ಚಲೇ ಇಲ್ಲ. ವಿಲಿಯಂ ಬೋಮಾಂಟ್ ಅನ್ನೋ ವೈದ್ಯರು ರೇಷ್ಮೆ ದಾರಕ್ಕೆ ಆಹಾರ ಕಟ್ಟಿ ಆ ತೂತಿನಿಂದ ಇಳಿಬಿಟ್ಟು, ಆಮೇಲೆ ಎಳೆದು ಎಷ್ಟು ಕರಗಿದೆ ಅಂತ ನೋಡುತ್ತಿದ್ದರು. ಜಠರದ್ದು ಬರೀ ಅರೆಯುವ ಕೆಲಸವಲ್ಲ, ರಸಾಯನದ ಕೆಲಸ ಅಂತ ಹೀಗೆ ಗಟ್ಟಿಯಾಯಿತು. ದಾರಕ್ಕೆ ಕಟ್ಟಿದ ತುಂಡಿನ ಪಾಡು ನನಗೀಗ ಅರ್ಥವಾಯಿತು.

ಮೂರು ಗಂಟೆಯ ನಂತರ ನನ್ನ ಅಭಿಪ್ರಾಯ ಇಷ್ಟೇ: ಜಠರಕ್ಕೆ ಸಿಕ್ಕಿರುವ ಹೆಸರು ಸ್ವಲ್ಪ ಜಾಸ್ತಿಯಾಯಿತು. ಅರೆಯುತ್ತದೆ, ಕಾಯುವಂತೆ ಮಾಡುತ್ತದೆ, ಸ್ವಲ್ಪ ಸ್ವಲ್ಪವಾಗಿ ಮುಂದೆ ಬಿಡುತ್ತದೆ. ನಮ್ಮಲ್ಲಿ ಯಾರೊಬ್ಬರೂ ಇಲ್ಲಿ ಇಳಿದು ರಕ್ತ ಸೇರಲಿಲ್ಲ. ಊರು ಇರುವುದು ಮುಂದೆ.

ಕೆಳಗಿನ ಬಾಗಿಲು ಬಹಳ ಕಟ್ಟುನಿಟ್ಟು. ಒಂದೆರಡು ಮಿಲಿಮೀಟರಿಗಿಂತ ದಪ್ಪ ಇದ್ದರೆ ವಾಪಸ್. ನಾನು ಗಂಜಿಯಾದವರ ಜೊತೆ ನುಸುಳಿದೆ. ಜೋಳದ ಕಾಳನ್ನು ತಡೆದರು. "ನೀವು ನಡೀರಿ, ನಾನು ಹಿಂದೆ ಬರ್ತೀನಿ" ಎಂದು ಕೂಗಿದ. ಅವನ ಬೆನ್ನಿನ ತೂತಿನ ಸುತ್ತ ಮೆತ್ತಗಾಗಿದ್ದು ಆಗ ಕಣ್ಣಿಗೆ ಬಿತ್ತು. ಹೇಳಲಿಲ್ಲ.

ಮೊದಲ ದಿನ, ಸಂಜೆ ಮತ್ತು ರಾತ್ರಿ

ಬಾಗಿಲಾಚೆ ಡುಯೋಡಿನಮ್, ಸಣ್ಣಕರುಳಿನ ಮೊದಲ ಭಾಗ. ಹೆಸರಿನ ಅರ್ಥ ಹನ್ನೆರಡು ಬೆರಳಿನಗಲ ಉದ್ದ ಅಂತ, ಇರುವುದೂ ಅಷ್ಟೇ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ನಾವು ಆಮ್ಲ ತೊಟ್ಟಿಕ್ಕಿಸುತ್ತಾ ಕಾಲಿಟ್ಟ ಕೂಡಲೇ ಗೋಡೆ ರಕ್ತದೊಳಗೆ ಒಂದು ಸುದ್ದಿ ಬಿಟ್ಟಿತು. ಆ ಸುದ್ದಿಯ ಹೆಸರು ಸಿಕ್ರಿಟಿನ್. ಲಂಡನ್‌ನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನೋ ವಿಜ್ಞಾನಿಗಳು 1902ರಲ್ಲಿ ಇದನ್ನು ಪತ್ತೆ ಮಾಡಿದರು. ರಕ್ತದಲ್ಲಿ ಹೋಗುವ ಇಂಥ ಸುದ್ದಿಗೆ ಹಾರ್ಮೋನ್ ಅನ್ನೋ ಪದ ಬಳಕೆಗೆ ಬಂದದ್ದು ಅದಾದ ಮೇಲೆ, 1905ರಲ್ಲಿ.

ಸುದ್ದಿ ಮುಟ್ಟಿದ್ದೇ ತಡ, ಪಕ್ಕದ ಸಣ್ಣ ಬಾಗಿಲು ತೆರೆದು ಮೇದೋಜೀರಕ ಗ್ರಂಥಿಯ ರಸ ಹರಿದು ಬಂತು. ಕ್ಷಾರ ಅದು, ನಮ್ಮ ಮೈಮೇಲಿನ ಆಮ್ಲವೆಲ್ಲ ಬುಸ್ಸೆಂದು ತಣ್ಣಗಾಯಿತು. ಬೆಳಗಿನಿಂದ ಮೊದಲ ಸಲ ಕಣ್ಣುರಿ ನಿಂತಿತು. ಆ ರಸದಲ್ಲಿ ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ಬೀಗ ಹಾಕಿಕೊಂಡು ಬರುತ್ತದೆ, ಬೀಗದ ಕೈ ಇರುವುದು ಈ ಕರುಳಿನ ಗೋಡೆಯಲ್ಲಿ. ಅಲ್ಲೇ ಗ್ರಂಥಿಯೊಳಗೆ ಬಿಚ್ಚಿಕೊಂಡರೆ ಹೆತ್ತ ಮನೆಯನ್ನೇ ಜೀರ್ಣ ಮಾಡಿಬಿಡುತ್ತದೆ. ಆ ಕಾಯಿಲೆಯ ನೋವು ಅನುಭವಿಸಿದವರಿಗೇ ಗೊತ್ತು.

ಆಮೇಲೆ ಪಿತ್ತ. ಹಸಿರು ಹಳದಿ ಬಣ್ಣ, ಲಿವರ್‌ನಲ್ಲಿ ತಯಾರಾಗಿ ಪಿತ್ತಕೋಶದಲ್ಲಿ ಮಂದವಾಗಿ ಕಾದಿದ್ದದ್ದು. ಎಣ್ಣೆ ಹನಿಯನ್ನು ಕಂಡೊಡನೆ ಸುತ್ತುವರಿಯಿತು. ಜಂಬಗಾತಿ ಕಣ್ಣೆದುರೇ ಸಾವಿರಾರು ಸಣ್ಣ ಸಣ್ಣ ಹನಿಗಳಾಗಿ ಒಡೆದಳು, ಜಿಡ್ಡಿನ ಪಾತ್ರೆಗೆ ಸೋಪು ಹಾಕಿದ ಹಾಗೆ. ಒಡೆದ ಮೇಲೇ ಕೊಬ್ಬು ಕತ್ತರಿಸುವ ಲೈಪೇಸ್‌ಗೆ ಹಿಡಿಯಲು ಜಾಗ ಸಿಕ್ಕಿದ್ದು.

ಇನ್ನು ಮುಂದೆ ಕಾಡು. ಹೇಗೆ ಹೇಳಲಿ? ಗೋಡೆಯ ತುಂಬ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ ಬೆರಳುಗಳು, ವಿಲ್ಲೈ ಅಂತಾರೆ. ಒತ್ತೊತ್ತಾಗಿ ನಿಂತು ನೀರೊಳಗಿನ ಹುಲ್ಲಿನಂತೆ ತೂಗುತ್ತಿದ್ದವು. ಹತ್ತಿರ ಹೋದರೆ ಪ್ರತಿ ಬೆರಳಿನ ಮೇಲಿನ ಪ್ರತಿ ಜೀವಕೋಶಕ್ಕೂ ಮಖಮಲ್ಲಿನಂಥ ಸಣ್ಣ ಕೂದಲು. ಇದನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಕೋರ್ಟ್ ಆಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ. 2014ರಲ್ಲಿ ಅಳೆದವರ ಲೆಕ್ಕದಲ್ಲಿ ಅದು ಸುಮಾರು 30 ಚದರ ಮೀಟರ್, ಅರ್ಧ ಬ್ಯಾಡ್ಮಿಂಟನ್ ಕೋರ್ಟಿಗೂ ಕಮ್ಮಿ. ಹೊಟ್ಟೆಯೊಳಗೆ ಅಷ್ಟೂ ಮಡಿಚಿಟ್ಟಿದ್ದಾರಲ್ಲ, ನನಗೆ ಅದೇ ಸಾಕಾಯಿತು.

ಒಂದು ಬೆರಳಿನ ತುದಿಯಲ್ಲಿ ಕೂತಿದ್ದ ಜೀವಕೋಶವನ್ನು ಮಾತಾಡಿಸಿದೆ.

"ಎಷ್ಟು ವಯಸ್ಸು ಅಜ್ಜಿ?"

"ನಾಲ್ಕು ದಿನ ಕಣಪ್ಪ. ಕೆಳಗೆ ಗುಳಿಯಲ್ಲಿ ಹುಟ್ಟಿದೆ. ಹತ್ತಿ ಹತ್ತಿ ತುದಿಗೆ ಬಂದೆ. ನಾಳೆ ಉದುರ್ತೀನಿ."

"ಉದುರಿದ ಮೇಲೆ?"

"ಇನ್ನೇನು, ನನ್ನನ್ನೂ ಜೀರ್ಣ ಮಾಡ್ಕೋತಾರೆ. ಇಲ್ಲಿ ಯಾವುದೂ ದಂಡ ಆಗಲ್ಲ."

ಮಾತಾಡುತ್ತಲೇ ಅಜ್ಜಿಯ ಕೈ ಕೆಲಸ ಮಾಡುತ್ತಿತ್ತು. ಪಿಷ್ಟದ ಉಳಿದ ತುಂಡುಗಳು ಅವಳ ಮಖಮಲ್ಲಿಗೆ ಬಂದು ತಾಗುತ್ತವೆ, ಅಲ್ಲೇ ಕೊನೆಯ ಕತ್ತರಿ ಬೀಳುತ್ತದೆ, ಬಿಡಿ ಗ್ಲೂಕೋಸ್ ಬಾಗಿಲಲ್ಲಿ ನಿಲ್ಲುತ್ತದೆ. ಆ ಬಾಗಿಲಿಗೆ ಒಂಟಿಯಾಗಿ ಬಂದರೆ ಪ್ರವೇಶವಿಲ್ಲ. ಉಪ್ಪಿನ ಸೋಡಿಯಂ ಜೊತೆಗಿದ್ದರೆ ಮಾತ್ರ ಬಾಗಿಲು ತಿರುಗುತ್ತದೆ. ಇಬ್ಬರೂ ಒಳಗೆ ಹೋದರೆ ನೀರೂ ಅವರ ಹಿಂದೆಯೇ ಹೋಗುತ್ತದೆ. ಭೇದಿಯಾದಾಗ ಬರೀ ನೀರು ಕೊಡದೆ ಸಕ್ಕರೆ, ಉಪ್ಪು ಸರಿಯಾದ ಅಳತೆಯಲ್ಲಿರುವ ಓಆರ್‌ಎಸ್ ಕೊಡುವ ಗುಟ್ಟು ಈ ಒಂದು ಬಾಗಿಲು. ಎಷ್ಟು ಮಕ್ಕಳ ಜೀವ ಉಳಿಸಿದೆಯೋ ಇದು! ನಾನು ಅಲ್ಲಿ ಸುಮಾರು ಹೊತ್ತು ನಿಂತಿದ್ದೆ.

ಪಿಷ್ಟ ಹೀಗೆ ಒಂದೊಂದೇ ಗ್ಲೂಕೋಸ್ ಆಗಿ ಇಳಿದುಹೋದ. ಪ್ರೋಟೀನ್ ಅಮೈನೋ ಆಮ್ಲಗಳಾಗಿ, ಜೋಡಿ ಜೋಡಿಯಾಗಿ, ಮೂರು ಮೂರಾಗಿ ಒಳಗೆ ನಡೆದ. ಇಬ್ಬರಿಗೂ ಮುಂದಿನ ನಿಲ್ದಾಣ ಲಿವರ್, ಅಲ್ಲಿ ತಪಾಸಣೆ ಆಗದೆ ಉಳಿದ ದೇಹಕ್ಕೆ ಬಿಡುವುದಿಲ್ಲ. ಎಣ್ಣೆಯ ದಾರಿಯೇ ಬೇರೆ. ಚೂರುಚೂರಾಗಿ ಜೀವಕೋಶದೊಳಗೆ ಹೋದವಳು ಅಲ್ಲಿ ಮತ್ತೆ ಕೂಡಿಕೊಂಡು, ಪ್ರೋಟೀನಿನ ಸೆರಗು ಹೊದ್ದು, ಬೆರಳಿನ ನಡುವಿನ ಹಾಲಿನಂಥ ಕಾಲುವೆಗೆ ಇಳಿದಳು. ಅದು ಎದೆಯ ಮೂಲಕ ಮೇಲೇರಿ ಎಡಗಡೆ ಕುತ್ತಿಗೆಯ ಬುಡದಲ್ಲಿ ರಕ್ತ ಸೇರುತ್ತದೆ. ಲಿವರ್‌ನ ಸಾಲಿನಲ್ಲಿ ನಿಲ್ಲಲೇ ಇಲ್ಲ. ಕೊನೆಯವರೆಗೂ ಜಂಬ.

ಯಜಮಾನರು ಮಧ್ಯಾಹ್ನದ ಊಟ ತಪ್ಪಿಸಿದ್ದರು ಅಂತ ಕಾಣುತ್ತದೆ. ಸಂಜೆ ಮೇಲಿನಿಂದ ಗುಡುಗು ಕೇಳಿಸಿತು. ಹೊಟ್ಟೆ ಖಾಲಿಯಾಗಿ ಬಹಳ ಹೊತ್ತಾದರೆ ಒಂದೂವರೆ ಎರಡು ಗಂಟೆಗೊಮ್ಮೆ ಕಸ ಗುಡಿಸುವ ಅಲೆ ಬರುತ್ತದೆ. ಆಗ ಜಠರದ ಬಾಗಿಲು ಅಗಲವಾಗಿ ತೆರೆದು ಉಳಿದ ದಪ್ಪ ಸಾಮಾನೆಲ್ಲ ಕೆಳಗೆ ಬರುತ್ತದೆ. ಹೊಟ್ಟೆ ಗುರುಗುಟ್ಟುವ ಸದ್ದಿನಲ್ಲಿ ಈ ಪೊರಕೆಯ ಪಾಲೂ ಇದೆ. ಆ ಅಲೆಯಲ್ಲೇ ಜೋಳದ ಕಾಳು ತೇಲಿ ಬಂದ. ಕೋಟು ಫಳಫಳ. "ಹೇಳಿರಲಿಲ್ವಾ?" ಎಂದ. ಆದರೆ ದನಿ ಸ್ವಲ್ಪ ಬದಲಾಗಿತ್ತು, ಖಾಲಿ ಡಬ್ಬದಲ್ಲಿ ಮಾತಾಡಿದ ಹಾಗೆ.

ರಾತ್ರಿ ಇಬ್ಬರೂ ಸಣ್ಣಕರುಳಿನ ಕೊನೆ ಮುಟ್ಟಿದೆವು. ಹಿಂದೆಯೇ ಬಂದ ಒಂದು ಗುಟುಕು ಹಾಲಿನಲ್ಲಿದ್ದ ಬಿ12ಗೆ ಅಕ್ಕ ಕೊಟ್ಟ ಪ್ರೋಟೀನನ್ನು ಜೊತೆ ಮಾಡಿಸಿದ್ದೆ. ಬಾಗಿಲು ಹುಡುಕಿ ಒಪ್ಪಿಸಿದೆ, ಮಾತಿಲ್ಲದೆ ಒಳಗೆ ಎಳೆದುಕೊಂಡರು. ಪಕ್ಕದಲ್ಲೇ ಪಿತ್ತದ ಲವಣಗಳು ಸಾಲಾಗಿ ಒಳಗೆ ಹೋಗುತ್ತಿದ್ದವು, ನೂರರಲ್ಲಿ ತೊಂಬತ್ತೈದು ವಾಪಸ್ ಲಿವರ್‌ಗೆ, ನಾಳೆ ಮತ್ತೆ ಡ್ಯೂಟಿಗೆ.

ಎರಡನೇ ದಿನ

ದೊಡ್ಡಕರುಳು. ಒಂದೂವರೆ ಮೀಟರ್ ದಾರಿಗೆ ಒಂದು ದಿನ ಪೂರ್ತಿ ಬೇಕಾಯಿತು. ಕೆಲವರಲ್ಲಿ ಇನ್ನೂ ಜಾಸ್ತಿ ಹಿಡಿಯುತ್ತದೆ. ಬೆರಳುಗಳಿಲ್ಲ, ಕಾಡಿಲ್ಲ, ನುಣುಪು ಗೋಡೆ, ಕತ್ತಲು, ಗಾಳಿಯಲ್ಲಿ ಆಮ್ಲಜನಕ ಇಲ್ಲವೆಂಬಷ್ಟು ಕಮ್ಮಿ. ನೋಡಲು ಏನೂ ಇಲ್ಲ, ಆದರೆ ಜನ! ದೇಹದಲ್ಲಿರುವ ಬ್ಯಾಕ್ಟೀರಿಯ ಸುಮಾರು 38 ಲಕ್ಷ ಕೋಟಿ ಅನ್ನೋದು ಒಂದು ಅಂದಾಜು, ಅದರಲ್ಲಿ ಹೆಚ್ಚುಪಾಲು ಇಲ್ಲೇ. ಹೊಸ ಮುಖ ಕಂಡೊಡನೆ ಮುತ್ತಿಕೊಂಡರು.

"ನಾರು ತಂದಿದ್ದೀರಾ?" ಮೊದಲ ಪ್ರಶ್ನೆಯೇ ಅದು.

ಸೊಪ್ಪಿನ ಒಂದಷ್ಟು ನಾರು ನಮ್ಮ ಜೊತೆ ಇತ್ತು. ಕೊಟ್ಟೆವು. ಅದನ್ನು ಹುಳಿ ಹಿಡಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲ ಮಾಡಿದರು. ಇಲ್ಲಿನ ಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಊಟ. ಬಾಡಿಗೆ ಕೊಟ್ಟ ಹಾಗೆ. ಜೊತೆಗೆ ಗ್ಯಾಸೂ ಬಂತು, ಒಂದು ಗುಳ್ಳೆ ನನ್ನನ್ನು ಎತ್ತಿಕೊಂಡು ಅಡ್ಡ ದಾರಿಯ ತಿರುವಿನವರೆಗೆ ಹೊತ್ತೊಯ್ದು ಅಲ್ಲಿ ಸಿಕ್ಕಿಹಾಕಿಕೊಂಡಿತು. ಅರ್ಧ ಗಂಟೆ ತಲೆಕೆಳಗಾಗಿ ನೇತಾಡಿದೆ. ಒಬ್ಬ ಮುದುಕ ಬ್ಯಾಕ್ಟೀರಿಯ ನಗುತ್ತಾ ಪಕ್ಕ ಬಂದು ನಿಂತ. "ಹೋದ ತಿಂಗಳು ಆಂಟಿಬಯೋಟಿಕ್ ಬಂದಿತ್ತು. ಯಾರನ್ನೋ ಹುಡುಕಿಕೊಂಡು ಬಂದದ್ದು, ನಮ್ಮ ಓಣಿಯನ್ನೂ ಗುಡಿಸಿಹೋಯ್ತು" ಎಂದ. ವೈದ್ಯರು ಹೇಳದೆ ಅದನ್ನು ತಿನ್ನುವವರು ಒಮ್ಮೆ ಈ ಓಣಿಗೆ ಬಂದು ನೋಡಬೇಕು.

ಸುತ್ತಲಿನ ಕೆಸರು ಗಂಟೆಗಂಟೆಗೂ ಗಟ್ಟಿಯಾಗುತ್ತಿತ್ತು. ಲೆಕ್ಕ ಕೇಳಿ ಬಾಯಿ ಬಿಟ್ಟೆ. ಸಣ್ಣಕರುಳಿಗೆ ದಿನಕ್ಕೆ ಬರುವ ದ್ರವ ಸುಮಾರು 9 ಲೀಟರ್. ಕುಡಿದದ್ದು, ತಿಂದದ್ದರಲ್ಲಿ ಇದ್ದದ್ದು ಎರಡು ಲೀಟರ್ ಇರಬಹುದು, ಉಳಿದ ಏಳು ದೇಹ ತಾನೇ ಸುರಿದದ್ದು: ಜೊಲ್ಲು, ಜಠರ ರಸ, ಪಿತ್ತ, ಇತ್ಯಾದಿ. ಇಲ್ಲಿಗೆ ಮುಟ್ಟುವುದು ಒಂದೂವರೆ ಲೀಟರ್. ಹೊರಗೆ ಹೋಗುವುದು ನೂರು ಇನ್ನೂರು ಮಿಲಿಲೀಟರ್ ಮಾತ್ರ.

ಜೋಳದ ಕಾಳು ಈಗ ಮಾತಾಡುತ್ತಿರಲಿಲ್ಲ. ಕರೆದರೆ ಗೋಡೆಗೆ ತಾಗಿ ಸಣ್ಣಗೆ ಉರುಳುತ್ತಿದ್ದ.

ಮೂರನೇ ದಿನ, ಬೆಳಿಗ್ಗೆ

ಬೆಳಗಿನ ತಿಂಡಿ ಮೇಲೆ ಜಠರಕ್ಕೆ ಬಿದ್ದ ಸದ್ದು ಬಂತು, ಹಿಂದೆಯೇ ಇಲ್ಲಿ ಭೂಕಂಪ. ಹೊಸಬರು ಬಂದರೆ ಹಳಬರಿಗೆ ಜಾಗ ಖಾಲಿ ಮಾಡಿ ಅಂತ ಹೇಳುವ ರೀತಿ ಇದು. ಒಂದೇ ದೊಡ್ಡ ಅಲೆಯಲ್ಲಿ ಕೊನೆಯ ಕೋಣೆಗೆ ಬಂದುಬಿಟ್ಟೆವು.

ಇಲ್ಲಿ ಎರಡು ಬಾಗಿಲು. ಒಳಗಿನದು ಯಾರ ಮಾತೂ ಕೇಳದೆ ತಾನೇ ತೆರೆಯಿತು. ಬಂದಿರುವುದು ಗಟ್ಟಿಯೋ, ನೀರೋ, ಬರೀ ಗಾಳಿಯೋ ಅಂತ ಗೋಡೆ ಮುಟ್ಟಿ ಮುಟ್ಟಿ ನೋಡಿತು. ಅಂಥ ಸೂಕ್ಷ್ಮ ಕೈ ದಾರಿಯಲ್ಲೆಲ್ಲೂ ಕಂಡಿರಲಿಲ್ಲ. ಹೊರಗಿನ ಬಾಗಿಲ ಕೀಲಿ ಯಜಮಾನರ ಹತ್ತಿರ. ಅವರಿಗೆ ಏನೋ ತುರ್ತು ಕೆಲಸವಂತೆ, ಮುಂದೂಡಿದರು. ನಮ್ಮನ್ನು ಹಿಂದಕ್ಕೆ ತಳ್ಳಲಾಯಿತು, ಗೋಡೆ ಇನ್ನಷ್ಟು ನೀರು ಹೀರಿತು, ಅಕ್ಕಪಕ್ಕದವರು ಕಲ್ಲಿನಂತಾದರು. ಒಂದೂವರೆ ಗಂಟೆ ಕಾದೆ. ಕರೆ ಬಂದಾಗ ಎದ್ದು ಹೋಗಿ ಅಂತ ನನ್ನ ಸಲಹೆ. ಆಮೇಲೆ ಕಷ್ಟಪಡುವುದು ನೀವೇ.

ಕೊನೆಗೂ ಬೆಳಕು. ಸುತ್ತಲೂ ಕಂದು ಬಣ್ಣ. ಸತ್ತ ಕೆಂಪು ರಕ್ತಕಣಗಳ ಬಣ್ಣ ಪಿತ್ತದ ಜೊತೆ ಇಳಿದು, ಬ್ಯಾಕ್ಟೀರಿಯಗಳ ಕೈಯಲ್ಲಿ ಬದಲಾಗಿ ಹೀಗೆ ಆಗುತ್ತದೆ. ನೀರು ಬಿಟ್ಟು ಉಳಿದ ರಾಶಿಯಲ್ಲಿ ದೊಡ್ಡ ಪಾಲು ನಿನ್ನೆ ನಾರು ಕೇಳಿದ ಆ ಜನವೇ, ಬದುಕಿದ್ದವರೂ ಸತ್ತವರೂ. ಬೆಳಗಿನ ಚಮಚದವರು ಅದರಲ್ಲಿ ಯಾರೂ ಇರಲಿಲ್ಲ.

ಜೋಳದ ಕಾಳು ಒಂದು ಬದಿಯಲ್ಲಿ ಹೊಳೆಯುತ್ತಾ ಬಿದ್ದಿದ್ದ. ಹಳದಿ ಕೋಟಿಗೆ ಒಂದು ಸುಕ್ಕೂ ಇಲ್ಲ. "ಬಂದುಬಿಟ್ಟೆವು ಮಾರಾಯ" ಎಂದು ಕರೆದೆ. ಉತ್ತರವಿಲ್ಲ. ಎತ್ತಿಕೊಂಡೆ, ಕೈಗೆ ಭಾರವೇ ಹತ್ತಲಿಲ್ಲ. ಬೆನ್ನಿನ ಸೂಜಿ ತೂತಿಗೆ ಕಣ್ಣಿಟ್ಟು ನೋಡಿದೆ. ಒಳಗೆ ಏನೂ ಇರಲಿಲ್ಲ, ಆಚೆ ಬದಿಯ ಬೆಳಕು ಹಳದಿಯಾಗಿ ಕಾಣುತ್ತಿತ್ತು.